ಮೂವತ್ತೆರಡು ಎಣಿಕೆಯ ಅಡ್ಡ ನಡಿಗೆ

ಡೊಲೊರೆಸ್ ಯುರ್ಕೊಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕ್ರೀಡಾಂಗಣದ ಗೇಟಿನ ಹತ್ತಿರ ಸಾಸೇಜ್ ಬನ್ನು ಕೊಂಡು ಅರ್ಧ ತಿಂದು ಬಿಸಾಡಿದಳು. ಬೂಟಿನ ದಾರವನ್ನು ಮೂರು ಸಲ ಬಿಚ್ಚಿ ಕಟ್ಟಿದಳು. ವಯಸ್ಸು ಅರವತ್ತೆರಡು; ಇಪ್ಪತ್ತು ವರ್ಷ ತಾನೇ ಡ್ರಮ್ ಬಾರಿಸಿ, ಆಮೇಲಿನ ಹದಿನೆಂಟು ವರ್ಷ ಬಾರಿಸುವವರಿಗೆ ಅಂಕ ಹಾಕಿದವಳು. ಪೆನ್ಸಿಲ್ವೇನಿಯಾದ ಬೆಟ್ಟದ ಊರುಗಳಲ್ಲಿ ಸಾಲುಗಟ್ಟಿ ನಡೆಯುತ್ತಾ ಬಾರಿಸುವ ವಯಸ್ಕರ ಡ್ರಮ್ ತಂಡ ಅಂದರೆ ಅವಳ ಹೆಸರು ಗೊತ್ತಿಲ್ಲದವರಿಲ್ಲ. ಇಷ್ಟಪಡುವವರು ಎಷ್ಟು ಜನ ಅನ್ನುವುದು ಬೇರೆ ಮಾತು.

ಇವತ್ತು ಅರ್ಹತಾ ಸುತ್ತು. ಹದಿನಾಲ್ಕು ತಂಡಗಳಲ್ಲಿ ಹತ್ತಕ್ಕೆ ಮಾತ್ರ ನಾಳೆಯ ಫೈನಲ್. ಅವಳ ಚಡಪಡಿಕೆಗೆಲ್ಲ ಕಾರಣ ಬ್ಲ್ಯಾಕ್ ರಿಜ್ ಎಂಬ ಕಲ್ಲಿದ್ದಲ ಊರಿನ ತಂಡ. ಕೊಳಾಯಿ ರಿಪೇರಿಯವರು, ನರ್ಸುಗಳು, ಶಾಲೆ ಬಸ್ಸಿನ ಚಾಲಕರು ವಾರಾಂತ್ಯದಲ್ಲಿ ಸೇರಿ ಕಟ್ಟಿಕೊಂಡ ತಂಡ ಅದು. ಹತ್ತೊಂಬತ್ತು ವರ್ಷದಿಂದ ಫೈನಲ್ಲಿನ ಮುಖ ನೋಡಿರಲಿಲ್ಲ. ಈ ವರ್ಷ ಹತ್ತನೆಯ ಜಾಗದ ಹೊಸ್ತಿಲಲ್ಲಿ ನಿಂತಿತ್ತು.

ಡ್ರಮ್ಮಿನ ತೀರ್ಪುಗಾರರು ಉಳಿದವರ ಹಾಗೆ ಮೇಲೆ ನೆರಳಲ್ಲಿ ಕೂರುವುದಿಲ್ಲ. ಮೈದಾನದೊಳಗೇ, ನಡೆಯುವ ಸಾಲುಗಳ ನಡುವೆ ನುಸುಳಿಕೊಂಡು, ಕೈಯಲ್ಲಿನ ಪುಟ್ಟ ಯಂತ್ರಕ್ಕೆ ಕಂಡದ್ದನ್ನೆಲ್ಲ ಹೇಳುತ್ತಾ ಹೋಗಬೇಕು. ಆ ಮಾತು ಸಂಜೆಗೆ ತಂಡದ ಕಿವಿ ಸೇರುತ್ತದೆ. ಮೂರು ವಾರದ ಹಿಂದೆ ಬ್ಲ್ಯಾಕ್ ರಿಜ್‌ನವರ ದೊಡ್ಡ ಡ್ರಮ್ಮಿನ ಐವರು ಒಂದು ಕಷ್ಟದ ತುಣುಕನ್ನು ಕಂಬಗಳ ಹಾಗೆ ನಿಂತು ಬಾರಿಸಿದಾಗ ಡೊಲೊರೆಸ್ ನಾಲಿಗೆ ಹರಿಬಿಟ್ಟಿದ್ದಳು: "ಏನ್ರಪ್ಪಾ, ಬಸ್ ಕಾಯ್ತಾ ಇದೀರಾ? ನಿಂತ್ಕೊಂಡು ಬಾರಿಸೋಕೆ ನಮ್ಮಜ್ಜೀನೂ ಬಾರಿಸ್ತಾಳೆ. ನಡೀರಿ, ನಡ್ಕೊಂಡು ಬಾರಿಸಿ, ಆಮೇಲೆ ಅಂಕ ಕೇಳಿ!"

ಹೇಳಿದ್ದು ಸುಳ್ಳಲ್ಲ. ಅವಳ ಹಾಳೆಯಲ್ಲಿರುವುದು ಎರಡೇ ಖಾನೆ: ಎಷ್ಟು ಕಷ್ಟದ್ದನ್ನು ಕೈಗೆತ್ತಿಕೊಂಡರು ಎನ್ನುವುದಕ್ಕೆ ಒಂದು, ಅದನ್ನು ಹೇಗೆ ನಿಭಾಯಿಸಿದರು ಎನ್ನುವುದಕ್ಕೆ ಇನ್ನೊಂದು. ಬೆರಳಿನ ಕಷ್ಟಕ್ಕೆ ಕಾಲಿನ ಕಷ್ಟವೂ ಸೇರಿದರೆ ಮೊದಲ ಖಾನೆ ಏರುತ್ತದೆ. ಆದರೆ ಎದೆಗೆ ದೊಡ್ಡ ಡ್ರಮ್ ಕಟ್ಟಿಕೊಂಡವರು ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕು, ಮುಖ ಮಾತ್ರ ಜನರ ಕಡೆಗೇ ಇರಬೇಕು. ಅವಳ ಮಾತು ಕೇಳಿ ಅದನ್ನು ಮೂರೇ ವಾರದಲ್ಲಿ ಸೇರಿಸಿ, ಎಡವಿ, ಫೈನಲ್ ಕಳೆದುಕೊಂಡರೆ? ಸುಮ್ಮನೆ ಇರಬಾರದಿತ್ತೇ ಎಂದು ಮೂರು ವಾರವೂ ತನ್ನನ್ನೇ ಬೈದುಕೊಂಡಿದ್ದಳು.

ಬ್ಲ್ಯಾಕ್ ರಿಜ್ ಮಧ್ಯಾಹ್ನ ಎರಡಕ್ಕೆ ಮೈದಾನಕ್ಕಿಳಿಯಿತು. ಹುಲ್ಲು ಕಾದು ಬೂಟಿನ ತಳ ಸುಡುತ್ತಿತ್ತು. ಆ ತುಣುಕು ಹತ್ತಿರ ಬಂದಂತೆ ಡೊಲೊರೆಸ್ ಐವರಿಂದ ಇಪ್ಪತ್ತೈದು ಹೆಜ್ಜೆ ಆಚೆ, ಹಿಂದಿನ ಸಲ ನಿಂತಿದ್ದ ಜಾಗದಲ್ಲೇ ನಿಂತಳು. ಅಲ್ಲಿಂದ ಎಲ್ಲ ಕಾಣುತ್ತಿತ್ತು, ಯಾರಿಗೂ ಅಡ್ಡಿಯಾಗುತ್ತಿರಲಿಲ್ಲ.

ಹಿಂದಿನ ಸಲದ ಮಾತು ಅದು. ಈ ಸಲ ಅವರು ನಡೆದರು.

ಸಾಲಿನ ಮುಂದೆ ಚೆಟ್ ಬೊಲಿನ್ಸ್ಕಿ, ಅರವತ್ತೆಂಟರ ಮುದುಕ, ಎಲ್ಲರಿಗಿಂತ ದೊಡ್ಡ ಡ್ರಮ್ಮಿನವನು. ಅವನ ಹಿಂದೆ ನಾಲ್ವರು. ಪೆಟ್ಟುಗಳ ಒಂದೇ ಓಟವನ್ನು ಐವರೂ ಹಂಚಿಕೊಂಡು, ಒಬ್ಬೊಬ್ಬರು ಒಂದೊಂದು ಪೆಟ್ಟು ಹಾಕುತ್ತಾ, ಉಸಿರುಗಟ್ಟುವ ವೇಗದಲ್ಲಿ ಅಡ್ಡಡ್ಡ ಬರುತ್ತಿದ್ದರು. ಎಣಿಕೆಗೊಂದು ಹೆಜ್ಜೆಯಂತೆ ತಾಳದ ಮೂವತ್ತೆರಡು ಎಣಿಕೆ ನಡೆಯಬೇಕು. "ಅಬ್ಬಾ, ಅಬ್ಬಬ್ಬಾ, ನಡೀತಿದಾರೆ!" ಎಂದು ಡೊಲೊರೆಸ್ ಯಂತ್ರಕ್ಕೆ ಕೂಗಿದಳು. ಖುಷಿಯಲ್ಲಿ ತಾನು ಎಲ್ಲಿ ನಿಂತಿದ್ದೇನೆಂಬುದೇ ಮರೆತಳು. ಇಪ್ಪತ್ತನಾಲ್ಕನೆಯ ಎಣಿಕೆಗೆ ಚೆಟ್‌ನ ಡ್ರಮ್ ಅವಳ ಮೂಗಿನ ಮುಂದಿತ್ತು. ಚೆಟ್ ಗಕ್ಕನೆ ನಿಂತ. ಹಿಂದಿನವನ ಡ್ರಮ್ ಅವನ ಡ್ರಮ್ಮಿಗೆ ಗುದ್ದಿತು, ಉಳಿದವರೂ ಒಬ್ಬರಿಗೊಬ್ಬರು ತಾಗಿ ನಿಂತರು, ಓಟ ಮುರಿದುಬಿತ್ತು.

"ನನ್ ತಪ್ಪು! ನಾನು ದಾರೀಲಿ ನಿಂತಿದ್ದೆ. ಇದನ್ನ ಲೆಕ್ಕಕ್ಕೆ ತಗೊಳಲ್ಲ," ಎಂದು ಡೊಲೊರೆಸ್ ಪಕ್ಕಕ್ಕೆ ಹಾರುತ್ತಾ ಯಂತ್ರಕ್ಕೆ ಕೂಗಿದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಹದಿನೆಂಟು ವರ್ಷದಲ್ಲಿ ಹೀಗಾಗಿರಲಿಲ್ಲ.

ನಿಯಮವೂ ಅದೇ: ತೀರ್ಪುಗಾರರು ಅಡ್ಡ ಬಂದು ಆದ ತಪ್ಪನ್ನು ತಂಡದ ತಲೆಗೆ ಕಟ್ಟುವ ಹಾಗಿಲ್ಲ. ಆಟ ಮುಗಿದ ಮೇಲೆ ಡೊಲೊರೆಸ್ ಆ ನಡಿಗೆ ಪೂರ್ತಿ ಆಯಿತೆಂದೇ ಎರಡೂ ಖಾನೆ ತುಂಬಿದಳು. ಕೈ ಸ್ವಲ್ಪ ಧಾರಾಳವಾಯಿತೇನೋ, ಇರಲಿ ಅಂದುಕೊಂಡಳು.

ಇನ್ನೆರಡು ತಂಡ ಆದ ಮೇಲೆ ವಿರಾಮ. ಅಷ್ಟರಲ್ಲಿ ಹಾಳೆಗಳನ್ನು ಲೆಕ್ಕದವರಿಗೆ ಒಪ್ಪಿಸಬೇಕು, ಒಪ್ಪಿಸಿದ ಮೇಲೆ ತಿದ್ದುವಂತಿಲ್ಲ. ಅವಳು ಹಾಳೆ ಹಿಡಿದು ಮೆಟ್ಟಿಲ ಕೆಳಗಿನ ನೆರಳಲ್ಲಿ ಹೋಗುತ್ತಿದ್ದಾಗ ಚೆಟ್ ಎದುರು ಬಂದ. ಸಮವಸ್ತ್ರದ ಗುಂಡಿ ಬಿಚ್ಚಿ, ಗೋಡೆ ಹಿಡಿದು ನಿಂತಿದ್ದ.

"ನೀವಿಲ್ಲಿ ಬರ್ಬಾರ್ದು, ಚೆಟ್. ಫಲಿತಾಂಶಕ್ಕೆ ಮುಂಚೆ ನನ್ ಜೊತೆ ಮಾತಾಡಿದ್ದು ಗೊತ್ತಾದ್ರೆ ಇಬ್ಬರಿಗೂ ತೊಂದ್ರೆ."

"ಒಂದೇ ನಿಮಿಷ ಮೇಡಂ. ನಾನು ನಿಂತಿದ್ದು ನಿಮ್ಮಿಂದ ಅಲ್ಲ."

"ನಾನು ದಾರೀಲಿ ನಿಂತಿದ್ನಲ್ಲ!"

"ನಿಂತಿದ್ರೇನೋ. ನಂಗೆ ಕಾಣ್ಲೇ ಇಲ್ಲ. ಕತ್ತು ತಿರುಗಿಸೋ ಹಾಗಿಲ್ವಲ್ಲ, ಪಕ್ಕದಲ್ಲಿ ಆನೆ ಬಂದ್ರೂ ಗೊತ್ತಾಗಲ್ಲ." ಚೆಟ್ ಬಲ ಮೊಣಕಾಲು ತಟ್ಟಿಕೊಂಡ. "ಇದು ಕೈಕೊಡ್ತು. ಅದಕ್ಕೇ ನಿಂತೆ. ನೀವಿಲ್ದೇ ಇದ್ರೂ ಅಲ್ಲೇ ನಿಲ್ತಿದ್ದೆ."

ಡೊಲೊರೆಸ್ ಕೈಯಲ್ಲಿದ್ದ ಹಾಳೆಯನ್ನು ಮಗುಚಿ ಹಿಡಿದಳು. "ಇದನ್ಯಾಕೆ ನಂಗೆ ಹೇಳ್ತಿದೀರಿ, ಮಾರಾಯ್ರೇ?"

"ತಪ್ಪು ನಂದು ಅಂತ ನೀವು ಕೂಗಿದ್ದು ಕೇಳಿಸ್ತು. ನನ್ ತಪ್ಪನ್ನ ನಿಮ್ ತಲೆಗೆ ಕಟ್ಟಿ ನಾಳೆ ಫೈನಲ್ಲಲ್ಲಿ ಹೆಂಗ್ ಬಾರಿಸ್ಲಿ ಹೇಳಿ." ಆಮೇಲೆ ದನಿ ಇಳಿಸಿದ. "ನಮ್ಮೋರಿಗೆ ಮಾತ್ರ ಹೇಳ್ಬೇಡಿ. ನಮ್ ಗುರು ಡಾಂಟೆಗಂತೂ ಬೇಡ್ವೇ ಬೇಡ. ಕಾಲಿನ ವಿಷಯ ಗೊತ್ತಾದ್ರೆ ನಾಳೇನೇ ಡ್ರಮ್ ಕಿತ್ಕೊಂಡು ಮನೇಗ್ ಕಳಿಸ್ತಾನೆ. ಮನೇಲಿ ನಾನೇನ್ ಮಾಡ್ಲಿ?"

"ಹೇಳಲ್ಲ, ಹೋಗಿ," ಎಂದಳು ಡೊಲೊರೆಸ್.

ಕುಂಟು ಕಾಣದ ಹಾಗೆ ಬಲು ಜೋಪಾನವಾಗಿ ಹೆಜ್ಜೆ ಹಾಕುತ್ತಾ ಅವನು ಹೊರಟುಹೋದ.

ಡೊಲೊರೆಸ್‌ಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಬಾಯಿ ಮುಚ್ಚಿಕೊಂಡಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಲೆಕ್ಕದವರ ಕೋಣೆಯ ಬಾಗಿಲವರೆಗೆ ಹೋದಳು, ವಾಪಸು ಬಂದಳು, ಮತ್ತೆ ಹೋದಳು. ಹತ್ತೊಂಬತ್ತು ವರ್ಷ. ಈ ವರ್ಷದ ಪಟ್ಟಿಯಲ್ಲಿ ಅವರ ಹಿಂದೆಯೇ, ಹನ್ನೊಂದನೆಯ ಜಾಗದಲ್ಲಿ ಇನ್ನೊಂದು ಊರಿನ ತಂಡ, ಅಲ್ಲೂ ಕೊಳಾಯಿಯವರು, ಅಲ್ಲೂ ನರ್ಸುಗಳು. ಅವರು ತಮ್ಮ ನಡಿಗೆಯನ್ನು ಎಲ್ಲೂ ನಿಲ್ಲದೆ ಮುಗಿಸಿದ್ದರು. ಕೊನೆಗೆ ಗೋಡೆಗೆ ಹಾಳೆ ಒತ್ತಿ ಹಿಡಿದು, ಎರಡೂ ಖಾನೆಯಿಂದ ಎರಡೆರಡು ಅಂಕ ಹೊಡೆದು, ಪಕ್ಕದಲ್ಲಿ ರುಜು ಹಾಕಿದಳು. ಒಳಗೆ ಹೋಗಿ ಒಪ್ಪಿಸಿದಳು.

ಬ್ಲ್ಯಾಕ್ ರಿಜ್ ಹನ್ನೊಂದನೆಯದಾಯಿತು. ಒಂದಂಕದ ಹತ್ತನೇ ಒಂದು ಪಾಲು ಕಡಿಮೆ ಬಿದ್ದಿತ್ತು.

ಫಲಿತಾಂಶವಾದ ಮೇಲೆ ತಂಡದ ಗುರುಗಳು ತೀರ್ಪುಗಾರರೆದುರು ಕೂತು ಕೇಳುವುದನ್ನು ಕೇಳುವ ಪದ್ಧತಿ. ತಲಾ ಎಂಟು ನಿಮಿಷ. ಬ್ಲ್ಯಾಕ್ ರಿಜ್‌ನ ಡ್ರಮ್ ಗುರು ಡಾಂಟೆ ಫಸ್ಕೊ ಕುರ್ಚಿ ಎಳೆದ ಸದ್ದಿಗೇ ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಅಡ್ಡ ಬಂದಿದ್ದು ನೀವು ಡೊಲೊರೆಸ್. ನಿಮ್ ಬಾಯಲ್ಲೇ ಒಪ್ಕೊಂಡಿದೀರಿ, ಈಗಷ್ಟೇ ಕೇಳಿಸ್ಕೊಂಡು ಬಂದೆ. ಆಮೇಲೆ ಅಂಕ ಹೊಡೆದಿದ್ದೂ ನೀವೇ. ನಾಚ್ಕೆ ಆಗಲ್ವಾ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಡೊಲೊರೆಸ್ ಅದನ್ನು ನುಂಗಿದಳು. "ಅಡ್ಡ ಬಂದಿದ್ದು ಹೌದು," ಎಂದಳು. "ಅಂಕ ಬದಲಾಗಲ್ಲ."

"ಯಾಕೆ ಅಂತಾದ್ರೂ ಹೇಳಿ!"

"ಹೇಳೋಕಾಗಲ್ಲ, ಡಾಂಟೆ. ದೂರು ಕೊಡೋದಿದ್ರೆ ಕೊಡಿ."

"ಕೊಡ್ತೀನಿ, ಬಿಡ್ತೀನಾ?" ಡಾಂಟೆ ಮೇಜು ಕುಟ್ಟಿದ. "ನಾನು ಬೇಡ ಅಂದಿದ್ದೆ ಗೊತ್ತಾ, ನಿಂತೇ ಬಾರಿಸೋಣ ಅಂದಿದ್ದೆ. ನಿಮ್ ಮಾತು ಕೇಳಿ ಹಟ ಹಿಡಿದಿದ್ದು ಚೆಟ್. ಬಸ್ ಕಾಯ್ತಾ ಇದೀರಾ ಅಂದ್ರಲ್ಲ, ಅದು ನಾಟ್ಬಿಡ್ತು ಮುದುಕನಿಗೆ. ಮೂರು ವಾರ ದಿನಾ ಸಾಯಂಕಾಲ ಚರ್ಚಿನ ಅಂಗಳದಲ್ಲಿ ಆ ಡ್ರಮ್ ಹೊತ್ಕೊಂಡು ಒಬ್ಬನೇ ಅಡ್ಡಡ್ಡ ನಡೆದ."

ಡೊಲೊರೆಸ್ ಮೇಜಿನ ಅಂಚು ಹಿಡಿದುಕೊಂಡಳು. ಆ ಮೊಣಕಾಲು ಯಾವ ಅಂಗಳದಲ್ಲಿ, ಯಾರ ಮಾತಿಗೆ ಸವೆಯಿತೆಂದು ಈಗ ಗೊತ್ತಾಯಿತು.

ಎಂಟು ನಿಮಿಷ ಮುಗಿಯಿತೆಂದು ಯಾರೋ ಕೂಗಿದರು. ಡಾಂಟೆ ಎದ್ದು ನಿಂತು, ಮೇಜಿನ ಮೇಲೆ ಬಗ್ಗಿದ. "ಮುಂದಿನ ವರ್ಷ ಅರವತ್ನಾಲ್ಕು ಎಣಿಕೆ ನಡೆಸ್ತೀನಿ. ಆಗೇನ್ ನೆಪ ಹೇಳ್ತೀರೋ ನೋಡೋಣ. ಚೆಟ್ ಆಗ್ಲೇ ಹ್ಞೂಂ ಅಂದಾಯ್ತು."

ಬೇಡ ಅನ್ನಬೇಕೆಂದು ಅವಳ ಬಾಯಿ ತೆರೆಯಿತು. ಚೆಟ್‌ಗೆ ಕೊಟ್ಟ ಮಾತು ಅಡ್ಡ ನಿಂತಿತು.

"ನಡೆಸಿ," ಎಂದಳು ಡೊಲೊರೆಸ್. "ಒಳ್ಳೇ ಅಂಕ ಬರುತ್ತೆ."