ಬಟ್ಟಲಲ್ಲಿ ಕೂರದ ಮೂಳೆ

ಚಪ್ಪಲಿ ಹೊಲಿಯುವವನಿಗೆ ಮದುವೆಯಾಗಿ ಬಹಳ ಕಾಲದ ಮೇಲೆ ಹೆಣ್ಣುಮಗು ಹುಟ್ಟಿತ್ತು. ಬಟ್ಟೆ ಬದಲಿಸುವಾಗ ಮಗುವಿನ ಎಡಗಾಲು ಬಲಗಾಲಿನಷ್ಟು ಅಗಲವಾಗುವುದಿಲ್ಲ ಎಂದು ಹೆಂಡತಿ ಹೇಳಿದ್ದೇ ತಡ, ಅವನು ಹೊಲಿಗೆ ಅಲ್ಲೇ ಬಿಟ್ಟೆದ್ದ. ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಹೊರಟ. ಅಮ್ಮನೂ ತಂಗಿಯೂ ಜೊತೆಗೆ ಬಂದರು.

ಡಾಕ್ಟರಮ್ಮ ಮಗುವಿನ ಮಂಡಿಗಳನ್ನು ಮಡಚಿ ಮೆಲ್ಲಗೆ ಹೊರಕ್ಕೆ ತಿರುಗಿಸಿದರು. ಒಳಗೇನೋ ಜಾರಿದ್ದು ಅವರ ಬೆರಳಿಗೆ ತಿಳಿಯಿತು.

"ತೊಡೆಮೂಳೆಯ ತಲೆ ಚೆಂಡಿನ ಹಾಗಿರುತ್ತೆ," ಎಂದು ತಮ್ಮ ಮುಷ್ಟಿಯನ್ನು ಇನ್ನೊಂದು ಅಂಗೈಯ ಗುಳಿಯಲ್ಲಿಟ್ಟು ತೋರಿಸಿದರು. "ಸೊಂಟದ ಮೂಳೇಲಿರೋ ಬಟ್ಟಲಲ್ಲಿ ಅದು ಕೂತ್ರೇನೇ ಕಾಲು ಎಲ್ಲಾ ಕಡೆ ಸಲೀಸಾಗಿ ಆಡೋದು. ಇವಳ ಬಟ್ಟಲು ಆಳ ಸಾಲದು. ಪಟ್ಟಿ ಕಟ್ಟಿ ಕಾಲು ಅಗಲಿಸಿಡೋಣ. ಎಳೆ ಮೂಳೆ, ಸರಿಹೋಗುತ್ತೆ. ಮನೇಲಿ ಯಾರಿಗಾದ್ರೂ ಹೀಗಿತ್ತಾ?"

"ಇಲ್ಲ," ಎಂದ. ಡಾಕ್ಟರಮ್ಮನ ಕಣ್ಣು ಬಾಗಿಲಲ್ಲಿ ಒಂದು ಪಕ್ಕಕ್ಕೆ ವಾಲಿ ನಿಂತಿದ್ದ ತಂಗಿಯ ಮೇಲಿತ್ತು.

"ಅವಳ ಕುಂಟು ಬಿದ್ದು ಆಗಿದ್ದು. ಚಿಕ್ಕವನಿದ್ದಾಗ ಕೂಸನ್ನ ಎತ್ಕೊಂಡು ನಾನೇ ಬೀಳಿಸಿದ್ದು."

ಓಣಿಗೆಲ್ಲ ಗೊತ್ತಿದ್ದ ಮಾತದು. ಅಪ್ಪ ಸಾಯುವವರೆಗೂ ಅದನ್ನೇ ಹೇಳಿ ಹಂಗಿಸಿದ್ದ. ತಂಗಿಗೆ ಬಂದ ಒಂದೊಂದು ಸಂಬಂಧ ತಪ್ಪಿದಾಗಲೂ ಇವನು ತಲೆ ಎತ್ತಿರಲಿಲ್ಲ. ಅವಳ ಗಿಡ್ಡವಾದ ಎಡಗಾಲಿನ ಚಪ್ಪಲಿಗೆ ದಪ್ಪ ಅಟ್ಟೆ ಹಾಕಬೇಕೆಂದೇ ಈ ಕಸುಬು ಕಲಿತಿದ್ದ.

ಡಾಕ್ಟರಮ್ಮ ತಂಗಿಯ ಎಕ್ಸ್‌ರೇ ತೆಗೆಸಿ ನೋಡಿದರು. "ಬಿದ್ದು ಆಗಿದ್ದಲ್ಲ ಇದು. ಹುಟ್ಟಿದಾಗಿಂದ್ಲೂ ಇವರ ಚೆಂಡು ಬಟ್ಟಲಲ್ಲಿ ಕೂತೇ ಇಲ್ಲ."

ಹೊರಗಿನ ಬೆಂಚಿನ ಮೇಲೆ ಅಮ್ಮ ಸೆರಗು ಹಿಂಡುತ್ತ ಕೂತಿದ್ದಳು.

"ನಿಂಗೊತ್ತಿತ್ತಾ ಅಮ್ಮ?"

"ಬಾಣಂತಿ ಕೋಣೇಲೇ ಇವಳ ಒಂದು ಕಾಲು ಬಿಗಿ ಅನ್ಸಿತ್ತು ಕಣೋ. ಹೇಳಿದ್ರೆ ನನ್ನ ಹೊಟ್ಟೇನೇ ಸರಿಯಿಲ್ಲ ಅಂತಿದ್ರು ಮನೆಯವರು. ಆಮೇಲೆ ನೀನು ಬೀಳಿಸ್ದೆ. ಎಲ್ರೂ ಅದೇ ಅಂದ್ರು. ನಾನು ಬಾಯಿ ಬಿಡಲಿಲ್ಲ."

ಹೊರೆ ಇಳಿದು ಹಗುರಾಗಬೇಕಿತ್ತು ಅವನಿಗೆ. ಬದಲಿಗೆ ಮೈಯೆಲ್ಲ ಉರಿಯಿತು. ತಂಗಿ ಪಕ್ಕಕ್ಕೆ ಬಂದು ನಿಂತಳು.

"ಅಣ್ಣಾ, ಇನ್ಮೇಲೆ ನನ್ನ ಚಪ್ಪಲಿ ನೀನೇ ಹೊಲೀತೀಯೋ, ಅಂಗಡೀಲಿ ಕೊಳ್ಳಬೇಕೋ?"

ನಗಿಸಲೆಂದು ಆಡಿದ ಮಾತು. ಅವನು ಅವಳ ಕೈ ಹಿಡಿದುಕೊಂಡ.

ಮಗುವಿಗೆ ಪಟ್ಟಿ ಬಿಗಿದಿದ್ದಷ್ಟು ದಿನವೂ ಅವನು ಅಮ್ಮನೊಂದಿಗೆ ಮಾತಾಡಲಿಲ್ಲ. ಅಮ್ಮ ಮಗುವನ್ನು ಮುಟ್ಟಲು ಹೆದರಿ ದೂರವೇ ಉಳಿದಳು. ಪಟ್ಟಿ ಬಿಚ್ಚಿ, ಚೆಂಡು ಬಟ್ಟಲಲ್ಲಿ ಭದ್ರವಾಗಿ ಕೂತಿದೆ ಎಂದು ಡಾಕ್ಟರಮ್ಮ ಹೇಳಿದ ಸಂಜೆ, ಮಗು ಎರಡೂ ಕಾಲು ಝಾಡಿಸುತ್ತಿತ್ತು. ಅವನು ಅದನ್ನೆತ್ತಿ ಅಮ್ಮನ ಮುಂದೆ ಹಿಡಿದ.

"ಕಾಲು ಜೋಡಿಸ್ಬೇಡ. ಅಗಲಿಸಿ ಸೊಂಟದ ಮೇಲೆ ಕೂರಿಸ್ಕೋ."

ಅಮ್ಮ ಮಗುವನ್ನು ತೆಗೆದುಕೊಂಡು, ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸಿಕೊಂಡಳು. ಅಷ್ಟು ದಿನಗಳ ಮೇಲೆ ಅವನು ಅವಳೊಂದಿಗೆ ಆಡಿದ ಮೊದಲ ಮಾತು ಅದೇ.