ಹಚ್ಚಿಕೊಂಡದ್ದಕ್ಕೆ ಅಚ್ಚು ಹೋಯಿತು

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಅಕ್ಕನ ಬಲಗೈ ಹೆಬ್ಬೆರಳಿನ ಚರ್ಮ ಹಲ್ಲುಜ್ಜುವ ಬ್ರಷ್ಷಿಗೆ ಅಂಟಿಕೊಂಡು ಬಂತು.

ಪೇಸ್ಟಿನ ಮೇಲಿನ ಪ್ಲಾಸ್ಟಿಕ್ ಇರಬೇಕು ಅಂದುಕೊಂಡು ಎಳೆದಳು. ಇನ್ನಷ್ಟು ಬಂತು. ಬೆಳಕಿಗೆ ಹಿಡಿದು ನೋಡಿದರೆ ಅದರ ಮೇಲೆ ಸುರುಳಿ ಸುರುಳಿ ಗೆರೆಗಳು. ಇಪ್ಪತ್ತಾರು ವರ್ಷ ಅಚ್ಚುಕೂಟದಲ್ಲಿ ಹಾಳೆ ಮಡಿಸಿದ ಹೆಂಗಸಿಗೆ ಅಚ್ಚಾದ ಹಾಳೆ ಯಾವುದು, ಖಾಲಿ ಹಾಳೆ ಯಾವುದು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೆಬ್ಬೆರಳು ನೋಡಿಕೊಂಡಳು. ಖಾಲಿ ಹಾಳೆ.

ಬಚ್ಚಲಿಂದ ಹೊರಟ ಕೂಗಿಗೆ ಎದುರುಮನೆಯವರು ಕಿಟಕಿ ತೆಗೆದರು.

"ಏನೇ ಮಾಡಿದೆ ನನ್ನ ಕೈಗೆ? ಸಿಪ್ಪೆ ಬಿಡ್ತಿದೆ ಕಣೇ, ಬೇಯಿಸಿದ ಆಲೂಗಡ್ಡೆ ಥರ!"

ಫೋನಿನ ಆ ಕಡೆ ಇದ್ದದ್ದು ತಂಗಿ. ಎರಡು ಬೀದಿಯಾಚೆ ಬ್ಯೂಟಿ ಪಾರ್ಲರ್ ಇಟ್ಟುಕೊಂಡವಳು.

"ಬಿಡ್ತಾ? ಅಬ್ಬಾ, ಸದ್ಯ! ಕೆಲ್ಸ ಮಾಡ್ತಿದೆ ಅಂತಾಯ್ತು. ಪೀಲಿಂಗ್ ಆಗ್ದೆ ಫೀಲಿಂಗ್ ಬರಲ್ಲ ಅಕ್ಕಾ."

"ನಿನ್ನ ಫೀಲಿಂಗಿಗೆ ಬೆಂಕಿ ಹಾಕ! ಇವತ್ತು ಸಂಜೆ ನಾಲ್ಕಕ್ಕೆ ಗುಂಗುರು ಹಾಡ್ತಾನೆ. ಈ ಕೈ ಇಟ್ಕೊಂಡು ಹೆಂಗೆ ಹೋಗ್ಲಿ?"

"ಈ ಕೈ ಇಟ್ಕೊಂಡೇ ಹೋಗು. ಬೇರೆ ಕೈ ಎಲ್ಲಿದೆ ನಿಂಗೆ?"

ಗುಂಗುರು ಅಂದರೆ ಆ ಪಾಪ್ ಗಾಯಕ. ಗುಂಗುರು ಕೂದಲಿನವನು ಅಂತ ಅಭಿಮಾನಿಗಳು ಇಟ್ಟ ಹೆಸರು, ಕೇಳಿದವರಿಗೆ ಹಿಡಿಯುವುದು ಮಾತ್ರ ಬರೀ ಗುಂಗು. ಅಕ್ಕನಿಗೆ ಹಿಡಿದು ಹದಿನೇಳು ವರ್ಷವಾಗಿತ್ತು. ಗಂಡ ತೀರಿಕೊಂಡ ವರ್ಷ ಎರಡೆರಡು ಪಾಳಿ ಮಾಡುತ್ತಿದ್ದಾಗ, ಮಡಿಸುವ ಮೇಜಿನ ಮೇಲಿದ್ದ ರೇಡಿಯೋದಲ್ಲಿ ಅವನ ಹಾಡು ಬಂದರೆ ಕೈ ತನ್ನಷ್ಟಕ್ಕೆ ಓಡುತ್ತಿತ್ತು, ತಲೆ ಸುಮ್ಮನಿರುತ್ತಿತ್ತು. ಆ ವರ್ಷ ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ತಲೆ ಸುಮ್ಮನಿರುವುದು. ಎಲ್ಲ ಕಾರ್ಯಕ್ರಮದಲ್ಲೂ ಐದನೇ ಹಾಡಿಗೆ ಅವನು ವೇದಿಕೆಯಿಂದ ಕೆಳಗಿಳಿದು, ಕಂಬಿಗೆ ಆನಿಕೊಂಡು ನಿಂತವರ ಕೈ ಹಿಡಿಯುತ್ತ ಹೋಗುತ್ತಾನೆ. ಈ ಸಲ ಅಕ್ಕನಿಗೆ ಕಂಬಿಯ ಪಕ್ಕದ್ದೇ ಜಾಗ ಸಿಕ್ಕಿತ್ತು, ನಂಬರ್ ಸಮೇತ. ಜೊತೆಗಿರಲಿ ಅಂತ ಅದರ ಪಕ್ಕದ ಟಿಕೆಟ್ಟನ್ನು ತಂಗಿಗೂ ಕೊಡಿಸಿದ್ದಳು. ಒಂದು ಸಲ ಕೈ ಹಿಡಿದು ಥ್ಯಾಂಕ್ಸ್ ಹೇಳಬೇಕು. ಅಷ್ಟೇ ಆಸೆ.

ಆದರೆ ಆ ಕೈ! ಕಾಗದಕ್ಕೆ ಒಂದು ಕೆಟ್ಟ ಚಾಳಿ, ಮುಟ್ಟಿದವರ ಕೈಯ ಪಸೆಯನ್ನೆಲ್ಲ ಕುಡಿದುಬಿಡುತ್ತದೆ. ಒಮ್ಮೆ ಬಸ್ಸಿನಲ್ಲಿ ಪಕ್ಕದವರ ಉಣ್ಣೆ ಶಾಲು ಅಕ್ಕನ ಅಂಗೈಗೆ ಸಿಕ್ಕಿಕೊಂಡು ಅವಳ ಜೊತೆಗೇ ಇಳಿದಿತ್ತು. "ಅವನು ಕೈ ಕೊಟ್ರೆ ಗಾಯ ಆಗುತ್ತೆ ಕಣೇ" ಅಂತ ತಂಗಿಯ ಮುಂದೆ ಗೋಳಾಡಿದ್ದಳು.

"ನೀನು ಅವನನ್ನ ಹಚ್ಕೊಂಡಷ್ಟು ಕ್ರೀಮ್ ಹಚ್ಕೊಂಡಿದ್ರೆ ಇಷ್ಟೊತ್ತಿಗೆ ಬೆಣ್ಣೆ ಆಗಿರ್ತಿತ್ತು ಕೈ" ಅಂದ ತಂಗಿ, ಅವತ್ತಿಂದಲೇ ಚಿಕಿತ್ಸೆ ಶುರು ಮಾಡಿದ್ದಳು. ಗ್ಲಿಸರಿನ್ ಆಯಿತು. ಬಾದಾಮಿ ಎಣ್ಣೆ ಆಯಿತು. ಲೋಳೆಸರದ ಜೆಲ್ ಆಯಿತು. ಮಾಯಿಶ್ಚರೈಸರ್ ಅನ್ನೋದು ಹೆಸರಿಗೆ ತಕ್ಕಂತೆ ಹಚ್ಚಿದ ಕೂಡಲೇ ಮಾಯ. ಆಶ್ಚರ್ಯ ಮಾತ್ರ ಹಚ್ಚಿದವರಿಗೆ. ಕೊನೆಗೆ ಕಳೆದ ಭಾನುವಾರ ಅಕ್ಕನ ಎರಡೂ ಕೈಯನ್ನು ಪ್ಲಾಸ್ಟಿಕ್ ಚೀಲದಂಥದ್ದರೊಳಗೆ ತುರುಕಿ, ಒಂದು ಗಂಟೆ ಕೂರಿಸಿದ್ದಳು. ಚೀಲದೊಳಗೆ ತಣ್ಣಗೆ ಏನೋ ಪಚಪಚ ಅನ್ನುತ್ತಿತ್ತು.

ಈಗ ಫೋನಿನಲ್ಲಿ ಅಕ್ಕನಿಗೆ ಒಂದು ಅನುಮಾನ ಬಂತು.

"ಏಯ್, ಆ ಚೀಲಕ್ಕೆ ಬೆರಳು ಯಾಕಿರ್ಲಿಲ್ಲ?"

ಆ ಕಡೆ ತಂಗಿ ಹೇರ್ ಡ್ರೈಯರ್ ಜೋರು ಮಾಡಿದಳು.

"ಹೇಳೇ. ಕೈಗೆ ಹಾಕೋ ಚೀಲಕ್ಕೆ ಬೆರಳಿರಲ್ವಾ?"

"ಅದು... ಕಾಲಿಂದು ಅಕ್ಕಾ. ಒಡೆದ ಹಿಮ್ಮಡಿಗೆ ಹಾಕೋದು. ನಿನ್ನ ಕೈಗೆ ಕೈಯಿಂದು ಸಾಕಾಗ್ತಿರ್ಲಿಲ್ಲ, ಅದಕ್ಕೆ..."

"ಕಾಲಿಗೆ ಹಾಕೋದನ್ನ ನನ್ನ ಕೈಗೆ ಹಾಕಿದ್ಯಾ?"

"ಕೈಯಾದ್ರೇನು, ಕಾಲಾದ್ರೇನು, ಒಂದೇ ಮೈ ಅಲ್ವಾ?"

ಅಕ್ಕ ಫೋನು ಇಟ್ಟಳು. ಹೊಸ ಚರ್ಮ ಗುಲಾಬಿ ಬಣ್ಣಕ್ಕಿತ್ತು. ಮುಟ್ಟಿ ನೋಡಿಕೊಂಡಳು. ನಿಜ ಹೇಳಬೇಕೆಂದರೆ ನುಣ್ಣಗಿತ್ತು, ಹಸುಗೂಸಿನ ಕೆನ್ನೆಯ ಹಾಗೆ. ಬೈಗುಳ ಅಲ್ಲಿಗೇ ನಿಂತಿತು. ಗುಂಗುರು ಹಿಡಿಯಲಿರುವುದು ಈ ಕೈಯನ್ನೇ. ಕೊನೆಗೂ ಕೈಗೆ ಕಾಲ ಬಂತು ಅಂದುಕೊಂಡಳು.

ಸಂಜೆ ಮೂರೂವರೆಗೆ ಇಬ್ಬರೂ ಕ್ರೀಡಾಂಗಣದ ಏಳನೇ ಗೇಟಿನಲ್ಲಿ ನಿಂತಿದ್ದರು. ಬ್ಲ್ಯಾಕಿನಲ್ಲಿ ಟಿಕೆಟ್ ಮಾರುವವರನ್ನು ತಡೆಯಲು ಆಯೋಜಕರು ಈ ಸಲ ಹೊಸ ಉಪಾಯ ಮಾಡಿದ್ದರು. ಟಿಕೆಟ್ ಕೊಳ್ಳುವಾಗಲೇ ಬಲಗೈ ಹೆಬ್ಬೆರಳು ಒತ್ತಿಸಿಕೊಂಡಿದ್ದರು. ಈಗ ಗೇಟಿನ ಯಂತ್ರದ ಮೇಲೆ ಅದೇ ಬೆರಳು ಇಟ್ಟರೆ ಹಸಿರು ದೀಪ, ಕಂಬಿ ತೆರೆಯುತ್ತದೆ.

ತಂಗಿ ಇಟ್ಟಳು. ಹಸಿರು. ಒಳಗೆ ಹೋದಳು.

ಅಕ್ಕ ಇಟ್ಟಳು. ಕೆಂಪು.

"ಬೆರಳು ಗುರುತಿಸಲಾಗಲಿಲ್ಲ. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ" ಅಂದಿತು ಯಂತ್ರ, ಬ್ಯಾಂಕಿನವರ ದನಿಯಲ್ಲಿ.

ಮತ್ತೊಮ್ಮೆ. ಕೆಂಪು. ಅಕ್ಕ ಬೆರಳು ತಿರುಗಿಸಿ ನೋಡಿಕೊಂಡಳು. ಬೆಳಿಗ್ಗೆ ಬ್ರಷ್ಷಿಗೆ ಅಂಟಿಕೊಂಡು ಬಂದದ್ದು ಚರ್ಮವಲ್ಲ, ಟಿಕೆಟ್ಟು! ಅದನ್ನು ಅವಳೇ ಕೈಯಾರೆ ಕಸದ ಬುಟ್ಟಿಗೆ ಹಾಕಿ ಬಂದಿದ್ದಳು.

"ಹಣೆಗೆ ಉಜ್ಜಿ ಇಡಿ, ಅಮ್ಮಾ" ಅಂದ ಹಿಂದಿದ್ದವನೊಬ್ಬ. ಉಜ್ಜಿದಳು. ಕೆಂಪು. "ಉಫ್ ಅಂತ ಊದಿ." ಊದಿದಳು. ಕೆಂಪು. "ಜೋರಾಗಿ ಒತ್ರೀ." ಒತ್ತಿದಳು. ಚೂರು ಸಿಪ್ಪೆ ಗಾಜಿಗೆ ಅಂಟಿಕೊಂಡಿತು.

ಗೇಟಿನ ಕಾವಲಿನವಳು ಬಗ್ಗಿ ನೋಡಿ ಮುಖ ಕಿವುಚಿದಳು. "ಏನಮ್ಮಾ ಇದು, ಬೆರಳು ಇಡಿ ಅಂದ್ರೆ ಬೆರಳನ್ನೇ ಬಿಟ್ಟು ಹೋಗ್ತಿದೀರಲ್ಲ!"

"ಅಲ್ಲ ಕಣಮ್ಮಾ, ಚರ್ಮ ಹೋಗಿದೆ. ಒಳಗಿರೋದು ನಾನೇ."

"ಒಳಗೆ ಯಾರಿದಾರೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಐದು ಸಲ ಆಯ್ತು, ಲಾಕ್ ಆಯ್ತು. ಬೆರಳು ಗುರುತಾಗದೋರೆಲ್ಲ ಹಳದಿ ಟೆಂಟಿಗೆ ಹೋಗಿ."

"ಅಕ್ಕಾ!" ಒಳಗಿನಿಂದ ತಂಗಿ ಕೂಗಿದಳು. ಒಳಗೆ ಹೋದವರು ಹೊರಗೆ ಬರುವಂತಿಲ್ಲ ಅನ್ನುವುದು ಇನ್ನೊಂದು ನಿಯಮ. "ನನ್ನ ಬೆರಳು ಬೇಕಾದ್ರೆ ಇಡ್ಲಾ?"

"ಮಾಡಿದ್ದು ಸಾಕು! ಜಾಗ ಬಿಡ್ಬೇಡ, ಹೋಗು!" ಅಂದಳು ಅಕ್ಕ. ಸ್ವಂತ ಕೈಯೇ ಕೈ ಕೊಟ್ಟ ಮೇಲೆ ತಂಗಿಯನ್ನು ಬೈದು ಏನು ಬಂತು?

ಹಳದಿ ಟೆಂಟಿನ ಮುಂದಿನ ಸಾಲು ನೋಡಿ ಅವಳಿಗೆ ಇನ್ನೊಂದು ಆಘಾತ. ನಲವತ್ತಕ್ಕೂ ಹೆಚ್ಚು ಜನ. ಇಷ್ಟು ಜನರಿಗೆ ತನ್ನ ತಂಗಿ ಯಾವಾಗ ಚಿಕಿತ್ಸೆ ಕೊಟ್ಟಳು ಅಂತ ಒಂದು ಕ್ಷಣ ಗಾಬರಿಯಾಯಿತು. ಮುಂದೆ ನಿಂತಿದ್ದವನು ಗಾರೆ ಕೆಲಸದವನು; ಸಿಮೆಂಟು ಬೆರಳನ್ನು ಎಂದೋ ನುಂಗಿತ್ತು. ಅವನ ಮುಂದೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಹೆಂಗಸು. ಅವಳ ಮುಂದೆ ಲಾಂಡ್ರಿಯವನು.

"ನಿಮ್ದೇನಮ್ಮಾ ಕೆಲ್ಸ?" ಗಾರೆಯವನು ಕೇಳಿದ.

"ಅಚ್ಚುಕೂಟ."

"ಅಚ್ಚು ಹಾಕೋರಿಗೇ ಅಚ್ಚು ಇಲ್ವಾ!" ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡಿ, ಬೆರಳು ಸವೆಸಿ ದುಡಿದೋರೆಲ್ಲ ಈ ಸಾಲು. ಬೆರಳು ತೋರಿಸಿ ದುಡಿಸ್ಕೊಂಡೋರೆಲ್ಲ ಆ ಸಾಲು."

ಗೋಡೆಯಾಚೆ ಡ್ರಮ್ಮು ಗುಡುಗಿತು, ಮೊದಲ ಹಾಡು ಶುರುವಾಯಿತು. ಎಪ್ಪತ್ತು ಸಾವಿರ ಜನ ಒಟ್ಟಿಗೆ ಕಿರುಚಿದ್ದು ಕಾಲಡಿಯ ನೆಲದಲ್ಲಿ ಗೊತ್ತಾಯಿತು. ಅಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಐದನೇ ಹಾಡಿಗೆ ಅವನು ಕೆಳಗಿಳಿಯುತ್ತಾನೆ. ಇನ್ನು ನಾಲ್ಕು.

ಎರಡನೇ ಹಾಡಿನ ನಡುವೆ ಫೋನು ನಡುಗಿತು. ತಂಗಿ. ಬರೀ ಗದ್ದಲ, ಅದರೊಳಗೆ ಸಣ್ಣ ದನಿ: "ಅಕ್ಕಾಆಆ! ಇವ್ನು ಇಷ್ಟು ಚೆನ್ನಾಗಿದಾನೆ ಅಂತ ನೀನು ಯಾಕೇ ಹೇಳ್ಲಿಲ್ಲ?"

ಹದಿನೇಳು ವರ್ಷದಿಂದ "ಅದೇನು ಕಿರುಚ್ತಾನೆ, ಆಫ್ ಮಾಡು" ಅಂದವಳು ಇವಳೇ!

ಮೂರನೇ ಹಾಡು ಮುಗಿಯುವ ಹೊತ್ತಿಗೆ ಅವಳ ಸರದಿ ಬಂತು. ಮೇಜಿನ ಹಿಂದೆ ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಗುಮಾಸ್ತ. ಟಿಕೆಟ್ಟಿನ ಹೆಸರು, ಫೋಟೋ ಎಲ್ಲ ನೋಡಿದ. ಎಲ್ಲ ಸರಿಯಿತ್ತು. ಒಂದು ಫಾರಂ ಕೊಟ್ಟ. ಮೇಲೆ ದಪ್ಪಕ್ಷರದಲ್ಲಿ, 'ಬೆರಳಚ್ಚು ಬಾರದವರ ಮನವಿ ಪತ್ರ'. ಅಕ್ಕ ಸರಸರ ತುಂಬಿದಳು. ಕೊನೆಯ ಸಾಲಿಗೆ ಬಂದು ಕಣ್ಣು ಉಜ್ಜಿಕೊಂಡಳು. 'ಅರ್ಜಿದಾರರ ಬಲಗೈ ಹೆಬ್ಬೆರಳ ಗುರುತು.'

"ಸಾರ್, ಬೆರಳಚ್ಚು ಬರಲ್ಲ ಅಂತ ತಾನೇ ಈ ಫಾರಂ?"

"ಹೌದಮ್ಮ."

"ಇದಕ್ಕೂ ಬೆರಳಚ್ಚು ಹಾಕು ಅಂತಿದೆಯಲ್ಲ!"

"ಮತ್ತೆ? ಬೆರಳಚ್ಚು ಬರಲ್ಲ ಅಂತಿರೋರು ನೀವೇ ಅಂತ ನಮಗೆ ಗೊತ್ತಾಗ್ಬೇಡ್ವಾ?"

ಗೋಡೆಯಾಚೆ ನಾಲ್ಕನೇ ಹಾಡಿನ ಗಿಟಾರು ಕೇಳಿಸಿತು. ವಾದ ಮಾಡುತ್ತ ನಿಂತರೆ ನ್ಯಾಯ ಸಿಗಬಹುದು, ಐದನೇ ಹಾಡು ಸಿಗುವುದಿಲ್ಲ.

"ಬರ್ದೇ ಇದ್ರೆ?"

ಗುಮಾಸ್ತ ನೀಲಿ ಮಸಿಯ ಪ್ಯಾಡನ್ನು ಅವಳ ಕಡೆ ತಳ್ಳಿ, ಮೊದಲ ಸಲ ಮನುಷ್ಯನ ಹಾಗೆ ನೋಡಿದ. "ಏನಾದ್ರೂ ಒಂದು ಬರುತ್ತಲ್ಲಮ್ಮ? ಅದನ್ನ ಒತ್ತಿ. ಯಂತ್ರಕ್ಕೆ ಗುರುತು ಬೇಕು. ಕಾಗದಕ್ಕೆ ಮಸಿ ಸಾಕು."

ಅಕ್ಕ ಹೆಬ್ಬೆರಳನ್ನು ಪ್ಯಾಡಿನಲ್ಲಿ ಅದ್ದಿ ಒತ್ತಿದಳು. ಒಂದು ಗೆರೆಯೂ ಇಲ್ಲದ ನೀಲಿ ಮುದ್ದೆ ಬಿತ್ತು. ಅಚ್ಚುಕೂಟದಲ್ಲಿ ಅಂಥದ್ದು ಬಿದ್ದಿದ್ದರೆ ಆ ಹಾಳೆ ನೇರ ರದ್ದಿಗೆ. ಗುಮಾಸ್ತ ಅದರ ಮೇಲೆ 'ಪರಿಶೀಲಿಸಲಾಗಿದೆ' ಅಂತ ಮುದ್ರೆ ಗುದ್ದಿ ಮಣಿಕಟ್ಟಿಗೆ ಕಾಗದದ ಪಟ್ಟಿ ಕಟ್ಟಿದ. ಅಕ್ಕ ಓಡಿದಳು.

ಐವತ್ತೆರಡರ ಹೆಂಗಸು ಹಾಗೆ ಓಡಿದ್ದನ್ನು ನೋಡಿ ಜನ ತಾವಾಗೇ ದಾರಿ ಬಿಟ್ಟರು. ಯಾರಿಗೋ ಏನೋ ಆಗಿದೆ ಅಂದುಕೊಂಡಿರಬೇಕು. ಕಂಬಿಯ ಹತ್ತಿರ ತಂಗಿ ಎರಡೂ ಕೈ ಅಗಲಿಸಿ, ಅಕ್ಕನ ಜಾಗಕ್ಕೆ ಅಡ್ಡ ನಿಂತಿದ್ದಳು. ಗಂಟಲು ಕೂತಿತ್ತು, ಕಾಡಿಗೆ ಗಲ್ಲದವರೆಗೆ ಇಳಿದಿತ್ತು. ಪಕ್ಕದವನಿಗೆ "ಇದು ನಮ್ಮಕ್ಕಂದು! ಅವ್ಳು ಬರ್ತಾಳೆ! ಮುಟ್ಟಿದ್ರೆ ಕಚ್ತೀನಿ!" ಅನ್ನುತ್ತಿದ್ದಳು.

"ಬಂದೆ ಕಣೇ!"

"ಬಂದ್ಯಾ! ಇಳೀತಿದಾನೆ, ನೋಡು ನೋಡು!"

ಐದನೇ ಹಾಡು. ಗುಂಗುರು ಮೆಟ್ಟಿಲಿಳಿದು ಕಂಬಿಯುದ್ದಕ್ಕೆ ಬರುತ್ತಿದ್ದ. ತಲೆಯ ಮೇಲಿನ ಮನೆಯಷ್ಟು ಎತ್ತರದ ಪರದೆಯಲ್ಲಿ ಅವನ ಕೈ, ಆ ಕೈ ಹಿಡಿಯುವ ಕೈಗಳು. ಅಕ್ಕ ಪರದೆ ನೋಡಿದಳು. ಕಣ್ಣು ಕಿರಿದು ಮಾಡಿಕೊಂಡು ಮತ್ತೆ ನೋಡಿದಳು.

ಅವನು ಕೈಗವಸು ಹಾಕಿಕೊಂಡಿದ್ದ. ಬಿಳಿಯದು, ಮಣಿಕಟ್ಟಿನವರೆಗೆ.

ಅವಳು ನೋಡಿದ ಅಷ್ಟೂ ವರ್ಷದ ವಿಡಿಯೋಗಳಲ್ಲಿ ಬರಿಗೈ. ಈ ಸಲದ ಹೊಸ ವೇಷಕ್ಕೆ ಗವಸು! ಕೈ ನುಣ್ಣಗಿದ್ದರೇನು, ಉಪ್ಪುಕಾಗದವಾಗಿದ್ದರೇನು, ಅವನಿಗೆ ಗೊತ್ತೇ ಆಗುವುದಿಲ್ಲ. ಗ್ಲಿಸರಿನ್, ಬಾದಾಮಿ, ಲೋಳೆಸರ, ಕಾಲಿನ ಚೀಲ, ಹಳದಿ ಟೆಂಟು, ಎಲ್ಲ ಒಂದು ತುಂಡು ಬಟ್ಟೆಗೋಸ್ಕರ. ಅಷ್ಟರಲ್ಲಿ ಅವನು ಎದುರಿಗೆ ಬಂದೇಬಿಟ್ಟ.

"ಥ್ಯಾಂಕ್ಸು" ಅಂದಳು ಅಕ್ಕ. ದನಿ ಬಂತೋ ಇಲ್ಲವೋ. ಗವಸಿನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನು ನಕ್ಕು ಕೈ ಬಿಡಿಸಿಕೊಂಡ.

ಪರದೆಯ ಮೇಲೆ ಆ ಬಿಳಿ ಗವಸಿನ ಬೆನ್ನಿಗೆ ಒಂದು ನೀಲಿ ಮುದ್ದೆ. ಎಪ್ಪತ್ತು ಸಾವಿರ ಜನ "ಓ!" ಅಂದರು. ಗುಂಗುರು ಕೈ ತಿರುಗಿಸಿ ನೋಡಿಕೊಂಡ, ಹುಬ್ಬು ಏರಿಸಿದ, ಹಲ್ಲಲ್ಲಿ ಕಚ್ಚಿ ಗವಸು ಕಿತ್ತು ಗುಂಪಿನೊಳಗೆ ಎಸೆದ. ಅದರ ಮೇಲೆ ಐವತ್ತು ಜನ ಬಿದ್ದರು. ಅವನು ಬರಿಗೈಯನ್ನು ಮುಂದಿನವರಿಗೆ ಚಾಚಿದ.

ಮುಂದೆ ನಿಂತಿದ್ದವಳು ತಂಗಿ.

ಅವಳು ಎರಡೂ ಕೈಯಲ್ಲಿ ಅದನ್ನು ಹಿಡಿದು, ಏನೋ ಹೇಳಿದಳು. ಅವನು ಬಗ್ಗಿ ಕೇಳಿಸಿಕೊಂಡ, ತಲೆಯಾಡಿಸಿದ, ಮುಂದೆ ಹೋದ. ಅಕ್ಕ ಕಂಬಿ ಹಿಡಿದುಕೊಂಡೇ ತಂಗಿಯ ಕಡೆ ತಿರುಗಿದಳು. ಹದಿನೇಳು ವರ್ಷ ಹಚ್ಚಿಕೊಂಡವಳು ಇವಳು, ಬರಿಗೈ ಸಿಕ್ಕಿದ್ದು ಎರಡು ಹಾಡಿಗೇ ಹುಚ್ಚು ಹಿಡಿದವಳಿಗೆ.

"ಏನಂದೆ ಅವನಿಗೆ?"

"ಕೈ ತುಂಬಾ ಡ್ರೈ ಇದೆ ಅಂದೆ. ನಿಜವಾಗ್ಲೂ ಅಕ್ಕಾ, ಗಿಟಾರ್ ಬಾರ್ಸಿ ಬಾರ್ಸಿ ಬೆರಳ ತುದಿಯೆಲ್ಲ ಕಲ್ಲು. ಪಾರ್ಲರಿಗೆ ಬನ್ನಿ ಅಂದೆ."

ಅಕ್ಕ ಅವಳನ್ನು ದಿಟ್ಟಿಸಿ ನೋಡಿದಳು. ಹೊಡೆಯುತ್ತಾಳೆ ಅಂತ ತಂಗಿ ಒಂದು ಹೆಜ್ಜೆ ಹಿಂದೆ ಸರಿದಳು. ಅಕ್ಕ ಕೈ ಚಾಚಿ, ಅವಳ ಎರಡೂ ಅಂಗೈಗಳನ್ನು ತನ್ನ ಸಿಪ್ಪೆ ಬಿಟ್ಟ ಬೆರಳುಗಳೊಳಗೆ ಬಿಗಿಯಾಗಿ ಹಿಡಿದುಕೊಂಡಳು. ಆರನೇ ಹಾಡು ಶುರುವಾಯಿತು, ಏಳನೇದೂ ಆಯಿತು. ಬಿಡಲಿಲ್ಲ.

"ಬಿಡೇ ಅಕ್ಕಾ, ಚಪ್ಪಾಳೆ ಹೊಡೀಬೇಕು."

"ಬಾಯಲ್ಲಿ ಹೊಡಿ."

"ಕೈ ಬೆವರ್ತಿದೆ ಕಣೇ, ಒರೆಸ್ಕೋತೀನಿ."

"ಒರೆಸ್ಕೊಂಡ್ಯೋ, ಸಾಯಿಸ್ಬಿಡ್ತೀನಿ."