ಸುಣ್ಣದ ಬೊಟ್ಟು

ಹೊಸನಗರದ ಜಯಕೀರ್ತಿ ಶೆಟ್ಟರ ಕಾರು ಬರುತ್ತಿದೆಯೆಂದು ತಿಳಿಯಲು ಆ ವರ್ಷ ಯಾರೂ ರಸ್ತೆಯ ಕಡೆ ನೋಡಬೇಕಾಗಿರಲಿಲ್ಲ. ಬಾನೆಟ್ಟಿನೊಳಗಿಂದ ಹೊರಡುವ ಕಟಕಟ ಸದ್ದು ಕಾರಿಗಿಂತ ಅರ್ಧ ಫರ್ಲಾಂಗು ಮುಂದೆಯೇ ಊರಿಗೆ ಬಂದು ಬಿಡುತ್ತಿತ್ತು. ಊರಿಗೆ ಇದ್ದದ್ದು ಅದೊಂದೇ ಕಾರು. ಹದಿನೈದು ವರ್ಷದ ಹಳೆಯ ಅಮೇರಿಕೆಯ ಗಾಡಿ. ಅದರ ಡ್ರೈವರೂ ರಿಪೇರಿಯವನೂ ಒಬ್ಬನೇ, ಜಟ್ಟಿಂಗಪ್ಪ. ಶಿವಮೊಗ್ಗದ ವರ್ಕ್‌ಷಾಪೊಂದರಲ್ಲಿ ನಾಲ್ಕು ವರ್ಷ ಎಣ್ಣೆ ಮೆತ್ತಿಕೊಂಡು ಕೆಲಸ ಕಲಿತು ಬಂದವನು. ಬರುವಾಗ ಕಲಿತ ವಿದ್ಯೆಯ ಜೊತೆಗೆ ಅದಕ್ಕಿಂತ ಒಂದು ತೂಕ ಹೆಚ್ಚು ಜಂಬವನ್ನೂ ತಂದಿದ್ದ. ಅದನ್ನು ಊರವರು ಸಹಿಸಿಕೊಂಡಿದ್ದರು, ಬೇರೆ ದಾರಿ ಇರಲಿಲ್ಲ.

"ಟೈಮಿಂಗ್ ಚೈನು ಜೋಲು ಬಿದ್ದಿದೆ ಒಡೇರೆ" ಎಂದು ಜಟ್ಟಿಂಗಪ್ಪ ಭಾದ್ರಪದದಲ್ಲೇ ಹೇಳಿದ್ದ. "ಇವತ್ತೋ ನಾಳೆಯೋ ಹಲ್ಲು ಹಾರ್ತದೆ. ಹಾರಿದ್ರೆ ನಡುದಾರೀಲಿ ಮಲಗಿತು ಅಂತ್ಲೇ ಲೆಕ್ಕ."

ಬೇರೆ ವರ್ಷವಾಗಿದ್ದರೆ ಶೆಟ್ಟರು ಮಲಗಲಿ ಬಿಡು ಎನ್ನುತ್ತಿದ್ದರೇನೋ. ಯುದ್ಧದ ಕಾಲ, ಪೆಟ್ರೋಲು ಕೂಪನ್ನಿಗೆ ಸಿಕ್ಕಷ್ಟೇ, ಕಾರು ತಿಂಗಳಿಗೆ ನಾಲ್ಕು ಸಲ ಹೊರಗೆ ಬಂದರೆ ಹೆಚ್ಚು. ಆದರೆ ಈ ಸಲ ಮಗಳು ಯಶೋಧಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತೀರ್ಥಹಳ್ಳಿಯಲ್ಲಿ ಅವಳನ್ನು ನೋಡಿದ ಲೇಡಿ ಡಾಕ್ಟರು, ಮಗು ಅಡ್ಡವಿದೆ, ಮನೆಯಲ್ಲಿ ಹೆರುವ ಮಾತೇ ಬೇಡ, ದಿನ ತುಂಬುವುದಕ್ಕೆ ಒಂದು ವಾರ ಮುಂಚೆಯೇ ಆಸ್ಪತ್ರೆಗೆ ಕರೆತನ್ನಿ ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ವಿಜಯದಶಮಿ ಕಳೆದ ಮರುದಿನ ಹೊರಡುವುದೆಂದು ಶೆಟ್ಟರು ನಿಶ್ಚಯಿಸಿದರು. ಅಷ್ಟರೊಳಗೆ ಚೈನು ಬದಲಾಗಬೇಕಿತ್ತು.

ಬೊಂಬಾಯಿಗೆ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ಸಾಗರದಲ್ಲಿ ಮರದ ಕಂಟ್ರಾಕ್ಟರು ಮಂಜುನಾಥಪ್ಪನವರ ಕೊಟ್ಟಿಗೆಯಲ್ಲಿ ಇದೇ ಜಾತಿಯ ಕಾರೊಂದು ಚಕ್ರ ಕಳಚಿಕೊಂಡು ಬಿದ್ದಿದೆಯೆಂದೂ, ಅದು ಹೆಚ್ಚು ಓಡಿದ್ದಲ್ಲವೆಂದೂ ಸುದ್ದಿ ಬಂತು. ಜಟ್ಟಿಂಗಪ್ಪ ಶೆಟ್ಟರ ಮನೆಯ ಮುಂದಿನ ಚಪ್ಪರದಲ್ಲಿ ಕಾರನ್ನು ನಿಲ್ಲಿಸಿ ರೇಡಿಯೇಟರು ಇಳಿಸಿದ, ಮುಂದಿನ ಮುಚ್ಚಳ ತೆಗೆದ.

ಒಳಗಿರುವುದು ಬಹಳ ಸರಳವಾದ ಸಂಗತಿ. ಕೆಳಗೊಂದು ಸಣ್ಣ ಹಲ್ಲುಚಕ್ರ, ಮೇಲೊಂದು ದೊಡ್ಡ ಹಲ್ಲುಚಕ್ರ, ಎರಡನ್ನೂ ಬಿಗಿದು ಹಿಡಿದ ಚೈನು. ಎರಡು ಚಕ್ರಗಳೂ ಇಂಥ ಹಲ್ಲಿಗೆ ಇಂಥ ಹಲ್ಲು ಎಂದು ಕೂತರೆ ಎಂಜಿನ್ನು ಸರಿಯಾದ ಹೊತ್ತಿಗೆ ಉಸಿರು ಎಳೆದು ಬಿಡುತ್ತದೆ. ಒಂದೇ ಒಂದು ಹಲ್ಲು ಆಚೀಚೆಯಾದರೂ ಉಸಿರು ತಪ್ಪುತ್ತದೆ. ಅದಕ್ಕೆಂದೇ ಚಕ್ರದ ಮೇಲೆ ಗುರುತು ಇರುತ್ತದೆ. ಆದರೆ ಈ ಕಾರಿಗೆ ಹಿಂದೆ ಕೈ ಹಾಕಿದವರೆಲ್ಲ ತಮ್ಮ ತಮ್ಮ ಗುರುತನ್ನು ಚಾಣದಿಂದ ಕಡಿದಿಟ್ಟಿದ್ದರು. ಒಟ್ಟು ಮೂರು ಗೀರು, ಯಾವುದು ನಿಜವೋ ಕಡಿದವರಿಗೇ ಗೊತ್ತು.

"ಕಬ್ಬಿಣ ಕಂಡ್ರೆ ಕಡಿಯೋ ಜನ" ಎಂದು ಜಟ್ಟಿಂಗಪ್ಪ ಮೂಗು ಮುರಿದ. ನಾಲ್ಕನೆಯ ಗೀರು ಹಾಕಲು ಅವನಿಗೆ ಮನಸ್ಸಾಗಲಿಲ್ಲ. ಎಲೆಯಡಿಕೆಯ ಸಂಚಿಯಿಂದ ಸುಣ್ಣ ತೆಗೆದು ದೊಡ್ಡ ಚಕ್ರದ ಒಂದು ಹಲ್ಲಿಗೆ ಬೊಟ್ಟಿಟ್ಟ. ಅದಕ್ಕೆ ಎದುರಾಗಿ ಎಂಜಿನ್ನಿನ ಅಂಚಿಗೆ ಇನ್ನೊಂದು ಬೊಟ್ಟು. ಮತ್ತೆ ಜೋಡಿಸುವಾಗ ಬೊಟ್ಟಿಗೆ ಬೊಟ್ಟು ಎದುರಾದರೆ ಆಯಿತು. ಚಕ್ರವನ್ನು ಬಿಚ್ಚಿ ತನ್ನ ಮನೆಯೊಳಗಿನ ಹಲಗೆಯ ಮೇಲಿಟ್ಟು, ಅಳತೆಗೆಂದು ಹಳೆಯ ಚೈನನ್ನು ಚೀಲಕ್ಕೆ ಹಾಕಿಕೊಂಡು, ಹೆಂಡತಿ ಕನ್ನಮ್ಮನಿಗೆ "ಸುಣ್ಣದ ಗುರುತು ಜ್ವಾಕೆ" ಎಂದು ಹೇಳಿ ಸಾಗರದ ಬಸ್ಸು ಹತ್ತಿದ.

ಇದ್ದಿಲು ಉರಿಸಿ ಓಡುವ ಬಸ್ಸು ಹೋಗುವಾಗ ಒಂದು ದಿನ ನುಂಗಿತು, ಬರುವಾಗ ಇನ್ನೊಂದು ದಿನ. ಅವನು ಚೈನು ಹಿಡಿದು ಮನೆಗೆ ಬಂದಾಗ ಆಯುಧಪೂಜೆಯ ಮಧ್ಯಾಹ್ನ. ಸ್ಪ್ಯಾನರು, ಸುತ್ತಿಗೆ, ಜಾಕಿ, ಎಲ್ಲವನ್ನೂ ಕನ್ನಮ್ಮ ತೊಳೆದು ದೇವರ ಮುಂದೆ ಸಾಲಾಗಿ ಇಟ್ಟಿದ್ದಳು. ನಡುವೆ ಆ ದೊಡ್ಡ ಚಕ್ರ, ಹೊಸ ಪಾತ್ರೆಯ ಹಾಗೆ ಬೆಳ್ಳಗೆ, ಮೇಲೊಂದು ಸೇವಂತಿಗೆ ಹೂ. ಇವಳ ಕೈಗೆ ಸಿಕ್ಕರೆ ಎಂಜಿನ್ನೂ ಮದುವಣಗಿತ್ತಿಯೇ ಎಂದು ಅವನಿಗೆ ನಗು ಬಂತು.

ಶೆಟ್ಟರು ಬಂದು ನಿಂತರು. "ಚೈನು ಬಂತಲ್ಲ. ಇವತ್ತೇ ಹಾಕಿಬಿಡು ಮಾರಾಯ. ಹುಡುಗಿ ಬೆಳಿಗ್ಗೆಯಿಂದ ಸೊಂಟ ನೋವು ಅಂತಿದಾಳೆ."

"ಪೂಜೆಗಿಟ್ಟ ಆಯುಧ ಒಡೇರೆ. ನಾಳೆ ಮಂಗಳಾರತಿ ಆಗೋ ತಂಕ ಕದಲಿಸೋ ಹಂಗಿಲ್ಲ" ಎಂದ ಜಟ್ಟಿಂಗಪ್ಪ.

ದೇವರ ವಿಷಯದಲ್ಲಿ ಶೆಟ್ಟರು ಯಾರನ್ನೂ ಒತ್ತಾಯ ಮಾಡುವವರಲ್ಲ. ಹೊತ್ತು ಮುಳುಗಿದ ಮೇಲೆ ಅನ್ನ, ನೀರು ಮುಟ್ಟದ ಜೈನರ ಮನೆ ಅವರದು, ನೇಮವೆಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಲೆಯಾಡಿಸಿ ಹೊರಟುಹೋದರು.

ಮರುದಿನ ಬೆಳಕು ಹರಿಯುವಾಗಲೇ ಯಶೋಧಾಳಿಗೆ ನೋವು ಶುರುವಾಯಿತು.

ಜಟ್ಟಿಂಗಪ್ಪ ಅವಸರವಸರವಾಗಿ ಆರತಿ ಮಾಡಿಸಿ ಚಕ್ರವನ್ನು ಎತ್ತಿಕೊಂಡು ಓಡಿದ. ಚಪ್ಪರದ ಹತ್ತಿರ ಆಗಲೇ ಎತ್ತಿನ ಗಾಡಿ ಕಟ್ಟಿ ನಿಂತಿತ್ತು. ಶೆಟ್ಟರ ಹೆಂಡತಿ ಧರ್ಮಾವತಿ ಅದರೊಳಗೆ ಹುಲ್ಲು ಹಾಸಿ, ಮೇಲೆ ಹಾಸಿಗೆ ಬಿಡಿಸುತ್ತಿದ್ದಳು. ಗಾಡಿ ಹೊಡೆಯುವ ಕೆರಿಯಪ್ಪ ಕಣ್ಣಿ ಹಿಡಿದು ನಿಂತಿದ್ದ.

"ಈಗ ಹೊರಟ್ರೆ ದೀಪ ಹಚ್ಚೋದ್ರೊಳಗೆ ತೀರ್ಥಳ್ಳಿ ಮುಟ್ಟಿಸ್ತೀನಿ ಅಮ್ಮಾ" ಎಂದ ಕೆರಿಯಪ್ಪ.

ಜಟ್ಟಿಂಗಪ್ಪನಿಗೆ ಅದು ನಾಟಿತು. ಎರಡು ದಿನ ಬಸ್ಸಿನ ಹೊಗೆ ಕುಡಿದು ತಂದ ಚೈನು ಕೈಯಲ್ಲಿರುವಾಗ ಎತ್ತಿನ ಗಾಡಿಯೇ? "ಅಮ್ಮಾರೆ, ಆ ಗಾಡಿ ಕುಲುಕಿಗೆ ಅವರು ಉಳೀತಾರಾ? ಒಂದು ತಾಸು ಕೊಡಿ. ಮಧ್ಯಾಹ್ನದ ಊಟದ ಹೊತ್ತಿಗೆ ಆಸ್ಪತ್ರೆ ಬಾಗಿಲಲ್ಲಿ ಇಳಿಸ್ತೀನಿ. ಗಾಡಿ ಬಿಚ್ಚಿಸಿ."

ಧರ್ಮಾವತಿ ಗಂಡನ ಮುಖ ನೋಡಿದಳು. ಶೆಟ್ಟರು ಜಟ್ಟಿಂಗಪ್ಪನ ಮುಖ ನೋಡಿದರು. ಆಮೇಲೆ ಕೆರಿಯಪ್ಪ ಎತ್ತು ಬಿಚ್ಚಿದ.

ಚಕ್ರ ಕೂರಿಸುವಾಗ ಜಟ್ಟಿಂಗಪ್ಪ ಬೊಟ್ಟು ನೋಡಿದ. ಇತ್ತು. ಆದರೆ ಅಂಚಿನ ಬೊಟ್ಟು ಅಚ್ಚ ಬಿಳಿ, ಚಕ್ರದ್ದು ಒಂದಿಷ್ಟು ಹಳದಿ ತಿರುಗಿದ ಬಿಳಿ. ಅವನ ಕೈ ಒಂದು ಗಳಿಗೆ ನಿಂತಿತು. ಚಹಾದ ಲೋಟ ಹಿಡಿದು ಬಂದ ಹೆಂಡತಿಯನ್ನು "ಗುರುತು ಮುಟ್ಟಿದ್ಯೇನೆ?" ಎಂದು ಕೇಳಿದ.

"ಹಂಗೇ ಇದೆ. ನೀವು ಹೇಳಿದ್ದು ಮರೀತೀನಾ?" ಎಂದಳು ಕನ್ನಮ್ಮ.

ಅನುಮಾನ ಬಂದರೆ ಏನು ಮಾಡಬೇಕೆಂಬುದು ಅವನಿಗೆ ಗೊತ್ತಿತ್ತು. ವರ್ಕ್‌ಷಾಪಿನ ಮುದಿ ಮೇಸ್ತ್ರಿ ಕಿವಿ ಹಿಂಡಿ ಕಲಿಸಿದ್ದ. ಪ್ಲಗ್ಗು ಬಿಚ್ಚಿ, ಆ ತೂತಿನಿಂದ ಕಡ್ಡಿ ಇಳಿಸಿ, ಪಿಸ್ಟನ್ನು ಮೇಲೆ ಬಂದದ್ದನ್ನು ಕೈಯಲ್ಲೇ ತಿಳಿದು, ಆಗ ವಾಲ್ವು ಎಲ್ಲಿದೆಯೆಂದು ನೋಡಬೇಕು. ನೋಡಿದರೆ ಸುಳ್ಳು ಹೇಳುವ ಗುರುತು ಒಂದೂ ಉಳಿಯುವುದಿಲ್ಲ. ಅದಕ್ಕೆ ಇನ್ನೂ ಒಂದು ತಾಸು ಬೇಕು. ಒಳಗೆ ಯಶೋಧಾ ನರಳುತ್ತಿದ್ದಳು. ಒಂದು ತಾಸು ಎಂದು ಆಡಿದ ಮಾತು ಬೇರೆ ತಲೆಯ ಮೇಲೆ ಕೂತಿತ್ತು. ಅವನು ಕಡ್ಡಿ ಇಳಿಸಲಿಲ್ಲ. ಬೊಟ್ಟಿಗೆ ಬೊಟ್ಟು ಎದುರು ಮಾಡಿ ಚೈನು ಬಿಗಿದ.

ಎಂಜಿನ್ನು ಹೊತ್ತಿತು, ಕಟಕಟ ಮಾಯವಾಗಿತ್ತು. ಸ್ವಲ್ಪ ಮುಗ್ಗರಿಸುತ್ತಿದ್ದ ಹಾಗಿತ್ತು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕಿವಿಯ ಅಂದಾಜಿಗೆ ಅತ್ತಿತ್ತ ತಿರುಗಿಸಿ ಆ ಮುಗ್ಗರಿಕೆಯ ಬಾಯಿಯನ್ನೂ ಮುಚ್ಚಿಸಿದ. ಕನ್ನಮ್ಮ ಕಾರಿಗೆ ನಿಂಬೆಹಣ್ಣು ನಿವಾಳಿಸಿದಳು.

ನಗರ ಎಂಬ ಊರು ದಾಟುವವರೆಗೆ ರಸ್ತೆ ಸಮ ಇತ್ತು, ಕಾರು ಸುಮ್ಮನೆ ನಡೆಯಿತು. ಹಿಂದಿನ ಸೀಟಿನಲ್ಲಿ ಯಶೋಧಾ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. "ಜಟ್ಟಿಂಗಪ್ಪಣ್ಣಾ, ಸದ್ದೇ ಇಲ್ಲವಲ್ಲ ಇವತ್ತು" ಎಂದು ನೋವಿನ ನಡುವೆಯೂ ತಮಾಷೆ ಮಾಡಿದಳು. ಅವನ ಎದೆ ಉಬ್ಬಿತು.

ಕವಲೇದುರ್ಗದ ಕಡೆಯ ಏರು ಶುರುವಾದಾಗ ಕಾರಿಗೆ ಏದುಸಿರು ಬಂತು. ಮೊದಲನೆಯ ಗೇರಿಗೆ ಇಳಿದರೂ ಏರಲಿಲ್ಲ. ರೇಡಿಯೇಟರಿನಿಂದ ಕುದಿಯುವ ನೀರು ಚಿಮ್ಮಿತು, ಎಂಜಿನ್ನು ನಿಂತಿತು. ಅವನು ಹಳ್ಳದ ನೀರು ತಂದು ಸುರಿದ. ತಣಿಯಿತು, ಹೊರಟಿತು, ಕೂಗಳತೆ ಹೋಗಿ ಮತ್ತೆ ನಿಂತಿತು. ಪೆಟ್ರೋಲಿನಲ್ಲಿ ನೀರು ಬೆರೆತಿದೆ ಎಂದ. ಪ್ಲಗ್ಗು ಕಪ್ಪಾಗಿದೆ ಎಂದ. ಎರಡು ತಾಸು ಬಿಚ್ಚಿದ್ದನ್ನೇ ಬಿಚ್ಚಿದ. ಹಲ್ಲು ತಪ್ಪಿರಬಹುದೆಂಬ ಮಾತು ಗಂಟಲವರೆಗೆ ಬಂದದ್ದನ್ನು ನುಂಗಿಕೊಂಡ. ನುಂಗಿದ್ದು ಹೆದರಿಕೆಯಿಂದ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ.

ಕೊನೆಗೆ ಶೆಟ್ಟರು ತಾವೇ ಕೆಳಗಿನ ಹಳ್ಳಿಗೆ ನಡೆದುಹೋಗಿ ಗಾಡಿ ತಂದರು. ಆಗಲೇ ಹೊತ್ತು ಪಡುವಣಕ್ಕೆ ವಾಲಿತ್ತು. ಹುಡುಗಿಯನ್ನು ಗಾಡಿಗೆ ಎತ್ತಿ ಮಲಗಿಸುವಾಗ ಜಟ್ಟಿಂಗಪ್ಪನ ಅಂಗೈಗೆ ರಕ್ತ ತಾಗಿತು. ಕಾರನ್ನು ಅಲ್ಲೇ ಬಿಟ್ಟು ಅವನು ಗಾಡಿಯ ಹಿಂದೆ ನಡೆದ.

ಸೂರ್ಯ ಗುಡ್ಡದ ಹಿಂದೆ ಇಳಿದ ಮೇಲೆ ಯಶೋಧಾ ಕಣ್ಣು ತೆರೆದಳು. "ಅಮ್ಮಾ, ಬಾಯಾರ್ತಿದೆ. ಹೊತ್ತು ಮುಳುಗ್ತಾ?"

ಧರ್ಮಾವತಿ ಗಾಡಿಯ ಹಿಂದಿನಿಂದ ಆಕಾಶ ನೋಡಿದಳು. ಜಟ್ಟಿಂಗಪ್ಪನೂ ನೋಡಿದ. ಎಲ್ಲೂ ಬಿಸಿಲಿನ ಒಂದು ಚೂರೂ ಇರಲಿಲ್ಲ. ಹುಟ್ಟಿದಾಗಿನಿಂದ ಆ ನೇಮ ಮುರಿಯದ ಹೆಂಗಸು, ಸೋಸಿ ತಂದ ನೀರಿನ ತಂಬಿಗೆಯನ್ನು ಮಗಳ ತುಟಿಗೆ ಹಿಡಿದು, "ಇಲ್ಲ ಮಗಾ, ಇನ್ನೂ ಇದೆ, ಕುಡಿ" ಎಂದಳು.

ಯಶೋಧಾ ಎರಡು ಗುಟುಕು ಕುಡಿದಳು. ತೀರ್ಥಹಳ್ಳಿಯ ದೀಪಗಳು ಕಾಣುವ ಮೊದಲೇ ಅವಳ ಉಸಿರು ನಿಂತಿತು. ಮಗುವೂ ಅವಳೊಂದಿಗೇ ಹೋಯಿತು.

ಮೂರನೆಯ ದಿನ ಎರಡು ಜೋಡಿ ಎತ್ತು ಕಟ್ಟಿ ಕಾರನ್ನು ಹೊಸನಗರಕ್ಕೆ ಎಳೆದು ತಂದು ಜಟ್ಟಿಂಗಪ್ಪನ ಮನೆಯ ಮುಂದೆ ನಿಲ್ಲಿಸಿದರು. ಅವನು ಮುಚ್ಚಳ ಬಿಚ್ಚಿದ. ಬೊಟ್ಟನ್ನು ಎಣ್ಣೆ ತೊಳೆದುಬಿಟ್ಟಿತ್ತು. ಈಗ ಅವನಿಗೆ ಅವಸರವಿರಲಿಲ್ಲ. ಪ್ಲಗ್ಗಿನ ತೂತಿನಿಂದ ಕಡ್ಡಿ ಇಳಿಸಿ, ಪಿಸ್ಟನ್ನು ಮೇಲೆ ಬರುವವರೆಗೆ ತಿರುಗಿಸಿ, ವಾಲ್ವು ನೋಡಿದ. ಒಂದು ಹಲ್ಲು ತಪ್ಪಿತ್ತು. ಒಂದೇ ಹಲ್ಲು.

ಕನ್ನಮ್ಮ ಬಾಗಿಲಲ್ಲಿ ಕೂತಿದ್ದಳು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು.

"ಆ ಚಕ್ರ ತೊಳೆದಾಗ ಸುಣ್ಣ ಹೋಗ್ಲಿಲ್ವಾ?" ಎಂದು ಅವನು ಮೆಲ್ಲಗೆ ಕೇಳಿದ.

"ಹೋಯ್ತು. ಸೀಗೆ ನೀರು ತಾಗಿದ್ದೇ ಹೋಯ್ತು. ಆದ್ರೆ ನಾನು ಬೆರಳು ಅಲ್ಲೇ ಒತ್ತಿ ಹಿಡಿದಿದ್ದೆ. ಒರೆಸಿ ಅದೇ ಹಲ್ಲಿಗೆ ಗಂಧ ಹಚ್ಚಿದೆ. ಸುಣ್ಣಕ್ಕಿಂತ ಗಂಧ ಒಳ್ಳೇದಲ್ವಾ ದೇವರ ಮುಂದೆ? ಯಶೋಧಮ್ಮಾರ ಹೆಸರು ಹೇಳ್ಕಂಡೇ ಹಚ್ಚಿದ್ದು, ಸುಖವಾಗಿ ಹೆತ್ತು ಬರ್ಲಿ ಅಂತ." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಯಾಕೆ? ಏನಾಗಿತ್ತು ಅದಕ್ಕೆ?"

ಒದ್ದೆ ಬೆರಳು ಒಂದು ಹಲ್ಲಿನಷ್ಟು ಜಾರಿತ್ತು. ಜಟ್ಟಿಂಗಪ್ಪನ ಕೈಯೊಳಗೆ ಕಡ್ಡಿ ಮುರಿಯಿತು. ಇದನ್ನು ಕೇಳಿದರೆ ಇವಳು ಬದುಕುವುದಿಲ್ಲ ಎಂದು ಅವನಿಗೆ ಆ ಗಳಿಗೆಯಲ್ಲೇ ತಿಳಿಯಿತು.

"ಏನಿಲ್ಲ" ಎಂದ. "ಗುರುತು ಸರಿಯಾಗೇ ಇತ್ತು. ನಾನೇ ತಪ್ಪಿ ಕೂರಿಸಿದ್ದೆ."

ಅದನ್ನೇ ಶೆಟ್ಟರಿಗೂ ಹೇಳಬೇಕೆಂದು ಅವನು ಕೈ ತೊಳೆದು ಹೊರಟ. ದಾರಿಯುದ್ದಕ್ಕೂ, ಹೆಂಡತಿಯ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದೇನೆ ಎಂಬ ಒಂದು ಸಮಾಧಾನ ಅವನನ್ನು ನಡೆಸಿತು. ಇಷ್ಟಾದ ಮೇಲೂ ಮನುಷ್ಯನಿಗೆ ಒಂದು ಚೂರು ದೊಡ್ಡಸ್ತಿಕೆ ಬೇಕು ನೋಡಿ.

ಶೆಟ್ಟರು ಜಗಲಿಯ ಮೇಲೆ ಕೂತಿದ್ದರು. ಅಂಗಳದ ಮೂಲೆಯಲ್ಲಿ ಕೆರಿಯಪ್ಪ ಹೊಡೆಯುವ ಅದೇ ಗಾಡಿ, ಮೂಕಿ ನೆಲಕ್ಕೆ ಊರಿ ನಿಂತಿತ್ತು. ಒಳಗೆ ಧರ್ಮಾವತಿ ಹಾಸಿದ ಹುಲ್ಲು ಇನ್ನೂ ಹಾಗೆಯೇ ಇತ್ತು, ಅದನ್ನು ತೆಗೆಯಲು ಯಾರಿಗೂ ಕೈ ಬಂದಿರಲಿಲ್ಲ.

"ಒಡೇರೆ, ಒಂದು ಹಲ್ಲು ತಪ್ಪಿಸಿ ಕೂರಿಸಿದ್ದೆ. ನನ್ನ ಕೈ ತಪ್ಪು" ಎಂದು ಜಟ್ಟಿಂಗಪ್ಪ ಮೆಟ್ಟಿಲ ಕೆಳಗೇ ನಿಂತು ಹೇಳಿದ. ಬೈಗುಳಕ್ಕೆ, ಹೊಡೆತಕ್ಕೆ, ಊರು ಬಿಡು ಎನ್ನುವ ಮಾತಿಗೆ, ಎಲ್ಲಕ್ಕೂ ತಯಾರಾಗಿ ಬಂದಿದ್ದ.

ಹಲ್ಲು, ಚಕ್ರ, ಚೈನು ಒಂದೂ ಶೆಟ್ಟರ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಅವರು ಗಾಡಿಯನ್ನೇ ನೋಡುತ್ತಿದ್ದರು. ನಿಜವಾಗಿಯೂ ತಿಳಿಯದೆ ಕೇಳುವವರ ದನಿಯಲ್ಲಿ ಕೇಳಿದರು:

"ಜಟ್ಟಿಂಗಪ್ಪಾ, ಅವತ್ತು ಬೆಳಿಗ್ಗೆ ಆ ಗಾಡಿ ಯಾಕೆ ಬಿಚ್ಚಿಸಿದೆ?"

ಹೆಂಡತಿಗಾಗಿ ಕಟ್ಟಿಕೊಂಡು ಬಂದ ಸುಳ್ಳಿನಲ್ಲಿ ಆ ಗಾಡಿ ಇರಲಿಲ್ಲ. ಒಳಗಿನಿಂದ ಧರ್ಮಾವತಿ ಬಂದು, ಹೊತ್ತು ಇಳೀತಾ ಇದೆ, ಒಂದು ತುತ್ತು ಉಂಡು ಬಿಡಿ ಎಂದು ಗಂಡನನ್ನು ಎಬ್ಬಿಸಿಕೊಂಡು ಹೋದಳು.